ಏರ್‌ಪೋರ್ಟ್ ವ್ಯಾನಿನ ಕೊನೆಯ ಸೀಟು

ಕಿರ್... ಕಿರ್... ಕಿರ್...

ಅದು ದೆವ್ವವಲ್ಲ, ಈಗಲೇ ಹೊದಿಕೆ ಎಳೆದುಕೊಳ್ಳಬೇಡಿ. ಅಕ್ಕನ ಟ್ರಾಲಿ ಬ್ಯಾಗಿನ ಚಕ್ರ. ಒಂದು ಚಕ್ರ ಕೆಟ್ಟು ಕೂತಿತ್ತು. ಊರೆಲ್ಲ ಮಲಗಿದ ಮೇಲೆ ಅವಳು ಆ ಬ್ಯಾಗನ್ನು ಎಳೆದುಕೊಂಡು ಹಾಳು ಬಾವಿಯ ರಸ್ತೆಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಹಾಳು ಬಾವಿ ಅಂದರೆ ನೀವು ಅಂದುಕೊಂಡಷ್ಟು ದೊಡ್ಡದೇನಲ್ಲ. ಮೇಲೆ ಕಬ್ಬಿಣದ ಜಾಲರಿ ಇದೆ. ಜಾಲರಿಯ ಮೇಲೆ ಸುತ್ತಲಿನ ಮಹಾನುಭಾವರು ಎಸೆದ ಕಸ ಇದೆ. ಪಕ್ಕದಲ್ಲಿ ಬಸ್ ಸ್ಟಾಪಿನ ಒಂದು ತಗಡಿನ ಚಪ್ಪರ. ಬೀದಿದೀಪವೂ ಇತ್ತು. ಉರಿಯುತ್ತಿರಲಿಲ್ಲ, ಅಷ್ಟೇ.

ಬಾವಿಯೊಳಗಿಂದ ಒಂದು ಸದ್ದು ಬಂತು. ಟೊಳಕ್... ಏನೋ ನೀರಿಗೆ ಬಿದ್ದ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಅಕ್ಕ ನಿಂತು ಬಾವಿಯ ಕಡೆ ನೋಡಿ, "ಥೂ, ಏನ್ ನಾತ" ಅಂದು ಮೂಗು ಮುಚ್ಚಿಕೊಂಡು ಮುಂದೆ ನಡೆದಳು.

ಅಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು. ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ ಎಸೆಯಬೇಕು. ಆ ಕೆಲಸ ಅವಳಿಗೆ ಎಷ್ಟು ಒಗ್ಗಿತು ಅಂದರೆ, ಮನೆಗೆ ಬಂದ ಮೇಲೂ ಸ್ಟಿಕರ್ ಅಂಟಿಸುವುದು ನಿಲ್ಲಲಿಲ್ಲ. ಗಂಡ ರಿಜೆಕ್ಟ್. ಗಂಡನ ಕಡೆಯವರು ಇಡೀ ಬಂಡಲ್ಲೇ ರಿಜೆಕ್ಟ್. ನಮ್ಮನ್ನೆಲ್ಲ ಅವಳು ನೋಡುವುದೇ ಕಾಲರಿನಿಂದ ಶುರುಮಾಡಿ ಕೆಳಗಿನವರೆಗೆ. ಅದಕ್ಕೇ ನಾವು ಹಿಂದಿನಿಂದ ಅವಳನ್ನು 'ರಿಜೆಕ್ಟಮ್ಮ' ಅನ್ನುತ್ತಿದ್ದೆವು. ಮುಂದಿನಿಂದ ಅನ್ನುವ ಧೈರ್ಯ ಯಾರಿಗಿತ್ತು?

ಅವತ್ತು ಸಂಜೆ ಅವಳ ತಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ತುಂಬ ದೂರದ ಊರು ಅದು, ವಿಮಾನದಲ್ಲೇ ಹೋಗಬೇಕು. "ಅಕ್ಕ, ಅಮ್ಮ ಬೆಳಿಗ್ಗೆ ತನಕ ಇರೋದು ಡೌಟು ಅಂತಿದಾರೆ ಡಾಕ್ಟ್ರು. ನಿನ್ನೇ ಕೇಳ್ತಿದಾರೆ. ಬಾಗಿಲು ಸದ್ದಾದ್ರೆ ಸಾಕು, ಬಂದ್ಲಾ ಅಂತಾರೆ." ರಾತ್ರಿಯ ಕೊನೆಯ ವಿಮಾನಕ್ಕೆ ಸೀಟು ಸಿಕ್ಕಿತು. ಅದು ತಪ್ಪಿದರೆ ಮುಂದಿನದು ಬೆಳಿಗ್ಗೆ, ಬಿಸಿಲೇರಿದ ಮೇಲೆ. ಅಕ್ಕನಿಗೆ ಜಗತ್ತಿನಲ್ಲಿ ಸ್ಟಿಕರ್ ಅಂಟಿಸಲು ಮನಸ್ಸು ಬಾರದ ಒಂದೇ ಜೀವ ಅಂದರೆ ಅವಳ ಅಮ್ಮ. ಅಷ್ಟು ಮಾತ್ರ ನಾನು ಒಪ್ಪುತ್ತೇನೆ.

ಆದರೆ ವಿಮಾನ ಹತ್ತಬೇಕಾದರೆ ಮೊದಲು ಏರ್‌ಪೋರ್ಟಿಗೆ ಹೋಗಬೇಕಲ್ಲ? ಅದೇ ಕಷ್ಟ. ಏರ್‌ಪೋರ್ಟ್ ನಮ್ಮೂರಿನದಲ್ಲ, ಇನ್ನೊಂದು ದೊಡ್ಡ ಊರಿನದು. ಆ ಊರಿನವರಿಗೂ ಅದು ದೂರವೇ. ಯಾವ ಪುಣ್ಯಾತ್ಮ ಆ ಜಾಗ ಹುಡುಕಿದನೋ, ಜನ ವಿಮಾನ ಹತ್ತಲೇಬಾರದು ಅಂತ ಹಟ ತೊಟ್ಟು ಕಟ್ಟಿಸಿದ ಹಾಗಿದೆ. ರೈಲು ಆ ದೊಡ್ಡ ಊರಿನ ಸ್ಟೇಷನ್ನಿನಲ್ಲಿ ಇಳಿಸಿ ಕೈ ತೊಳೆದುಕೊಳ್ಳುತ್ತದೆ. ಬಸ್ಸು ಸಂಜೆಗೇ ಮುಗಿಯುತ್ತದೆ. ಟ್ಯಾಕ್ಸಿಯವರು "ಬಂದೆ, ಹೊರಟೆ" ಅಂದು ಫೋನ್ ಆಫ್ ಮಾಡಿಕೊಳ್ಳುತ್ತಾರೆ. ಅವತ್ತು ಇಬ್ಬರು ಹಾಗೇ ಮಾಡಿದರು. ಇನ್ನು ನಮ್ಮ ಭಾವ, ಅಂದರೆ ಅವಳ ಗಂಡ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಒಮ್ಮೆ ಕಲಿಯಲು ಹೋಗಿದ್ದರು. ಮೊದಲ ದಿನವೇ ಅಕ್ಕ ಗೇಟಿಗೆ ಒರಗಿ ನಿಂತು ನಕ್ಕಳು. ಮಾರನೆಯ ದಿನ ಅವರು ಹೋಗಲಿಲ್ಲ.

"ಸ್ಟ್ಯಾಂಡ್ ತನಕ ನಾನೂ ಬರ್ಲಾ?" ಅಂತ ಕೇಳಿದ್ದರು ಪಾಪ.

"ಬಂದು ಏನ್ ಕಡಿದು ಕಟ್ಟೆ ಹಾಕ್ತೀರ? ಬ್ಯಾಗ್ ಜೊತೆ ನಿಮ್ಮನ್ನೂ ಎಳ್ಕೊಂಡ್ ಹೋಗ್ಬೇಕಾ?"

ಹಾಗಾಗಿ ಅಕ್ಕ ಒಬ್ಬಳೇ. ಕಿರ್... ಕಿರ್... ಕಿರ್...

ಉಳಿದದ್ದು ಒಂದೇ ದಾರಿ, ಏರ್‌ಪೋರ್ಟ್ ವ್ಯಾನ್. ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ಎಲ್ಲರೂ ಸೇರಿ ಹೋಗುವುದು. ಅದಕ್ಕೆ ಒಂದು ಕಟ್ಟುಪಾಡು. ಎಲ್ಲ ಸೀಟು ಭರ್ತಿಯಾಗದೆ ವ್ಯಾನ್ ಅಲ್ಲಾಡುವುದಿಲ್ಲ. ನಿಮ್ಮ ವಿಮಾನ ಹಾರಿಹೋಗಲಿ, ಭೂಮಿ ಬಾಯಿ ಬಿಡಲಿ, ಒಂದು ಸೀಟು ಖಾಲಿ ಇದ್ದರೂ ಏಜೆಂಟ್ ಸೀಟಿ ಊದುವುದಿಲ್ಲ.

ಅಕ್ಕ ಹೋದಾಗ ವ್ಯಾನಿನಲ್ಲಿ ಆಗಲೇ ಜನ ಕೂತಿದ್ದರು. ಡ್ರೈವರ್ ಪಕ್ಕದಲ್ಲಿ ಕ್ಯಾಮೆರಾ ಬ್ಯಾಗು ತಬ್ಬಿಕೊಂಡ ಒಬ್ಬ ಫೋಟೋಗ್ರಾಫರ್. ಹಿಂದೆ ಗಂಡ, ಹೆಂಡತಿ, ನಿದ್ದೆ ಹೋದ ಮಗು. ನಡುವಿನ ಸಾಲಿನಲ್ಲಿ ಎರಡೇ ಸೀಟು. ಕಿಟಕಿಯ ಕಡೆ ಅಕ್ಕ ಕೂತಳು. ಬಾಗಿಲ ಕಡೆಯದು ಖಾಲಿ. ಅದರ ಮೇಲೆ ತನ್ನ ಹ್ಯಾಂಡ್‌ಬ್ಯಾಗ್ ಇಟ್ಟುಕೊಂಡಳು.

ಕಾದರು. ಯಾರೂ ಬರಲಿಲ್ಲ. ಮತ್ತೂ ಕಾದರು. ಏಜೆಂಟ್ ಪಕ್ಕದ ಕಟ್ಟೆಯ ಮೇಲೆ ಕೂತು ಉಗುರು ಕಚ್ಚುತ್ತಿದ್ದ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ರೀ, ಆ ಸೀಟಿನ ದುಡ್ಡೂ ನಾನೇ ಕೊಡ್ತೀನಿ. ನಡೀರಿ."

"ಖಾಲಿ ಸೀಟಿಗೆ ದುಡ್ಡು ತಗೊಳ್ಳಲ್ಲ ಮೇಡಂ."

"ಯಾಕೆ, ನನ್ ದುಡ್ಡಿಗೇನು ಹುಳ ಹಿಡಿದಿದ್ಯಾ?"

"ಸೀಟಿಗೆ ಜನ ಇರ್ಬೇಕು. ಖಾಲಿ ಬಿಟ್ಕೊಂಡು ಹೋದ್ರೆ ದಾರೀಲಿ ಯಾರಾದ್ರೂ ಕೈ ಅಡ್ಡ ಹಾಕ್ತಾರೆ, ಡ್ರೈವರ್ ಹತ್ತಿಸ್ಕೊಳ್ತಾನೆ, ಆಮೇಲೆ ಜಗಳ. ನಮಗ್ಯಾಕೆ? ಜನ ಇದಾರಾ? ಹೆಸರು ಹೇಳಿ, ಎಲ್ಲಿ ಹತ್ತುತಾರೆ ಹೇಳಿ. ಈಗಲೇ ಸೀಟಿ ಊದ್ತೀನಿ."

ನೋಡಿ, ಇಲ್ಲೇ ತಪ್ಪಿದ್ದು. ಅಕ್ಕನಿಗೆ ಅಲ್ಲಿದ್ದವರೆಲ್ಲರ ಮೇಲೂ ತಾತ್ಸಾರ. ಏಜೆಂಟ್ ಮೂರ್ಖ, ಡ್ರೈವರ್ ಮೂರ್ಖ, ಬಾಯಿ ಬಿಡದೆ ಕಾಯುತ್ತಿರುವ ಈ ಜನ ಮಹಾ ಮೂರ್ಖರು. ಇವರಿಗೆ ಒಂದು ಹೆಸರು ತಾನೇ ಬೇಕು? ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಮ್ಮತ್ತೆ ಬರ್ತಾರೆ. ಅಲ್ಲಿ, ಹಾಳು ಬಾವಿ ಸ್ಟಾಪಲ್ಲಿ ನಿಂತಿದಾರೆ. ಆಯ್ತಾ? ತೃಪ್ತಿ ಆಯ್ತಾ?"

"ಅದನ್ನ ಮೊದಲೇ ಹೇಳೋದಲ್ವಾ ಮೇಡಂ" ಅಂದು ಅವನು ಸೀಟಿ ಊದಿದ.

ಅವಳ ಅತ್ತೆ ತೀರಿಹೋಗಿ ವರ್ಷದ ಮೇಲಾಗಿತ್ತು.

ವ್ಯಾನ್ ಹೊರಟಿತು. ಅಕ್ಕ ತನ್ನನ್ನು ತಾನೇ ಮೆಚ್ಚಿಕೊಂಡಳು. ಅತ್ತೆ ಬದುಕಿದ್ದಾಗ ಒಂದು ದಿನಕ್ಕೂ ಪ್ರಯೋಜನಕ್ಕೆ ಬರಲಿಲ್ಲ, ಸತ್ತ ಮೇಲಾದರೂ ಬಂದರು ಅಂದುಕೊಂಡಳಂತೆ. ಇದನ್ನು ಅವಳೇ ನನಗೆ ಹೇಳಿದ್ದು. ನಾನು ಸೇರಿಸಿ ಹೇಳುತ್ತಿಲ್ಲ.

ಬಾವಿಯ ಸ್ಟಾಪು ಬಂತು. ಡ್ರೈವರ್ ನಿಲ್ಲಿಸುತ್ತಾನೆ ಅಂತ ಅಕ್ಕ ಎಣಿಸಿರಲಿಲ್ಲ. ಅವನು ನಿಲ್ಲಿಸಿದ. ಇಂಜಿನ್ ಗುರ್ ಗುರ್ ಅನ್ನುತ್ತಿತ್ತು. ಚಪ್ಪರದ ಕೆಳಗೆ ಕತ್ತಲೆ.

"ಇಲ್ಲೇ ತಾನೆ ಮೇಡಂ?"

"ಬಂದಿಲ್ಲ ಅನ್ಸುತ್ತೆ. ನೀವು ನಡೀ..."

ಸರ್‌ರ್‌ರ್... ಟಕ್.

ವ್ಯಾನಿನ ಪಕ್ಕದ ಬಾಗಿಲು ಸರಿದು ತೆರೆಯಿತು. ಹೊರಗಿನಿಂದ ತಣ್ಣನೆ ಗಾಳಿ, ಅದೇ ಬಾವಿಯ ನಾತ. ಮೆಟ್ಟಿಲು ಒಂದಿಷ್ಟು ಕುಸಿಯಿತು. ಕರ್... ಸೀಟಿನ ರೆಕ್ಸಿನ್ ಉಸ್ ಅಂದಿತು. ಮತ್ತೆ ಸರ್‌ರ್‌ರ್... ಧಡ್. ಬಾಗಿಲು ಮುಚ್ಚಿತು.

ಅಕ್ಕ ನೋಡಿದಳು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಆದರೆ ಅಲ್ಲಿಟ್ಟಿದ್ದ ಹ್ಯಾಂಡ್‌ಬ್ಯಾಗ್... ಅವಳ ತೊಡೆಯ ಮೇಲಿತ್ತು.

ಟಿಣ್... ಟಿಣ್... ಟಿಣ್... ಡ್ರೈವರನ ಮುಂದೆ ಕೆಂಪು ದೀಪ. ಯಾರೋ ಬೆಲ್ಟ್ ಹಾಕಿಲ್ಲ ಅಂತ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅಕ್ಕನನ್ನಲ್ಲ, ಅಕ್ಕನ ಪಕ್ಕಕ್ಕೆ. ಮೆಲ್ಲಗೆ ಹೇಳಿದ. "ಅಮ್ಮಾ, ಬೆಲ್ಟ್ ಹಾಕ್ಕೊಳ್ಳಿ. ಪಕ್ಕದಲ್ಲೇ ಇದೆ ನೋಡಿ... ಹಾಂ, ಅದೇ."

ಕ್ಲಿಕ್.

ಟಿಣ್ ಟಿಣ್ ನಿಂತಿತು. ವ್ಯಾನ್ ಹೊರಟಿತು.

ಅಕ್ಕ ಹೆದರಿದಳಾ? ಇಲ್ಲ. ಅವಳ ಸೊಕ್ಕು ಅಷ್ಟು ಬೇಗ ಇಳಿಯುವಂಥದ್ದಾ? ಲಟಾರಿ ಗಾಡಿ, ಬಾಗಿಲಿನ ಲಾಕ್ ಸರಿ ಇಲ್ಲ, ಡ್ರೈವರ್ ಕುಡಿದಿದ್ದಾನೆ. ಎಲ್ಲದಕ್ಕೂ ಒಂದೊಂದು ಸ್ಟಿಕರ್ ಅಂಟಿಸಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಹೆದ್ದಾರಿ ಬಂತು. ಮಗು ಹಿಂದೆ ಒಮ್ಮೆ ಮುಲುಗಿ ಮಲಗಿತು. ಫೋಟೋಗ್ರಾಫರ್ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಶುರುವಾಯಿತು.

ಕಟ್... ಕಟ್... ಕಟ್...

ಸಣ್ಣ ಸದ್ದು. ಬಾಯೊಳಗಿನ ಸದ್ದು. ಆ ಸದ್ದು ಅಕ್ಕನಿಗೆ ಚೆನ್ನಾಗಿ ಗೊತ್ತು. ಅತ್ತೆಯ ಮೇಲಿನ ಹಲ್ಲುಸೆಟ್ಟು ಸಡಿಲವಾಗಿತ್ತು. ಸುಮ್ಮನೆ ಕೂತಾಗ ನಾಲಿಗೆಯಿಂದ ಅದನ್ನು ಎತ್ತಿ ಬಿಡುತ್ತಿದ್ದರು. ಕಟ್... ಕಟ್. ಅದನ್ನು ಸರಿ ಮಾಡಿಸಿಕೊಡು ಅಂತ ಭಾವ ಎಷ್ಟು ಸಲ ಹೇಳಿದರೂ, "ಈ ವಯಸ್ಸಲ್ಲಿ ಏನ್ ಕಬ್ಬಿಣ ಅಗೀಬೇಕಾ?" ಅಂದು ಅಕ್ಕ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದಳು.

ಸದ್ದು ನಿಂತಿತು. ಕಿವಿಯ ಹತ್ತಿರ ಪಿಸುಮಾತು.

"ಏರ್‌ಪೋರ್ಟು... ಇನ್ನೂ ದೂರಾನಾ ತಾಯಿ?"

"ಸುಮ್ನೆ ಕೂತ್ಕೊಳ್ಳಿ ಅತ್ತೆ" ಅಂದಳು ಅಕ್ಕ.

ಅಂದಾದ ಮೇಲೆ ಅವಳಿಗೆ ಗೊತ್ತಾಯಿತು ತಾನು ಯಾರಿಗೆ ಉತ್ತರ ಕೊಟ್ಟೆ ಅಂತ. ಎಷ್ಟು ವರ್ಷದ ಅಭ್ಯಾಸ ನೋಡಿ! ಸತ್ತವರನ್ನೂ ಗದರಿಬಿಟ್ಟಳು. ಕಿರುಚಬೇಕು ಅಂದುಕೊಂಡಳು. ಗಂಟಲಿನಿಂದ ಗಾಳಿ ಮಾತ್ರ ಬಂತು.

ಈಗ ನಿಮಗೆ ಒಂದು ವಿಷಯ ಹೇಳಬೇಕು. ಅಕ್ಕನ ಅತ್ತೆಗೂ ನಮ್ಮ ದೊಡ್ಡಮ್ಮನಿಗೂ ಭಾರಿ ಸ್ನೇಹ. ಬೀಗಿತ್ತಿಯರು ಅಂದರೆ ಒಬ್ಬರ ಮೇಲೊಬ್ಬರು ಹಲ್ಲು ಕಡಿಯಬೇಕು, ಇವರು ದಿನಾ ಸಂಜೆ ಫೋನಿನಲ್ಲಿ ಕಿಲಕಿಲ ನಗುತ್ತಿದ್ದರು. ಏನು ಮಾತು, ಏನು ನಗು, ಇಬ್ಬರಿಗೇ ಗೊತ್ತು. ಅಕ್ಕನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ತನ್ನ ಅಮ್ಮ ತಾನು ರಿಜೆಕ್ಟ್ ಮಾಡಿದ ಹೆಂಗಸಿನ ಜೊತೆ ನಗುವುದು ಅಂದರೇನು? ನಮ್ಮ ದೊಡ್ಡಮ್ಮ ಮೊದಲ ಸಲ ಹಾಸಿಗೆ ಹಿಡಿದಾಗ ಅತ್ತೆ ಅಂಗಲಾಚಿದ್ದರು. "ಒಂದ್ಸಲ ಬೀಗಿತ್ತಿನ ನೋಡ್ಕೊಂಡು ಬರ್ತೀನಿ. ನೀನು ಹೋಗುವಾಗ ನನ್ನನ್ನೂ ಕರ್ಕೊಂಡ್ ಹೋಗೇ." ಅಕ್ಕ ಏನಂದಳು ಗೊತ್ತಾ? "ಆ ಏರ್‌ಪೋರ್ಟಿಗೆ ನಾನೊಬ್ಳು ಹೋಗೋದೇ ಕಷ್ಟ. ನಿಮ್ಮನ್ನ ಬೇರೆ ಗಂಟು ಕಟ್ಕೊಂಡ್ ಹೋಗ್ಲಾ? ವ್ಯಾನಲ್ಲಿ ನಿಮಗೊಂದು ಸೀಟು ದಂಡ." ಆಮೇಲೆ ಅತ್ತೆ ಕೇಳಲಿಲ್ಲ. ಕೇಳುವುದಕ್ಕೆ ಉಳಿಯಲೂ ಇಲ್ಲ.

ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕೈಯ ಮೇಲೆ ಏನೋ ತಣ್ಣಗೆ ಕೂತಿತು. ಬೆರಳುಗಳು.

"ಬೀಗಿತ್ತಿಗೆ ಹುಷಾರಿಲ್ವಂತೆ..."

ಅಕ್ಕ ಕಿಟಕಿಗೆ ಇನ್ನೂ ಒತ್ತಿಕೊಂಡಳು.

"ನೀನು ಹೋಗೋ ಸೀಟಲ್ಲಿ... ನಾನು ಹೋಗಿ ನೋಡ್ಕೊಂಡು ಬರ್ಲಾ?"

ಕಟ್... ಕಟ್...

"ಹೇಳೇ... ನಿನ್ನ ಸೀಟು ಕೊಡ್ತೀಯಾ? ನಾನು ಹೋಗ್ಲಾ?"

"ಹೋಗಿ!" ಅಂದಳು ಅಕ್ಕ. ಪಿಸುಮಾತೂ ಅಲ್ಲ, ಅಳುವೂ ಅಲ್ಲ. "ತಗೊಳ್ಳಿ ಅತ್ತೆ, ಹೋಗಿ. ನನ್ನ ಕೈ ಬಿಡಿ, ದಮ್ಮಯ್ಯ."

ಬೆರಳುಗಳು ಕೈ ಬಿಟ್ಟವು. ಆಮೇಲೆ ಏರ್‌ಪೋರ್ಟ್ ಬರುವವರೆಗೂ ಏನೂ ಆಗಲಿಲ್ಲ. ಅಕ್ಕ ಕಣ್ಣು ಬಿಟ್ಟಾಗ ದೊಡ್ಡ ದೊಡ್ಡ ದೀಪ, ಗಾಜಿನ ಬಾಗಿಲು, ಜನ. ಹಿಂದಿನವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದರು. ಪಕ್ಕದ ಸೀಟು ಖಾಲಿ. ಬೆಲ್ಟ್ ಮಾತ್ರ ಬಿಗಿದಿತ್ತು, ಯಾರನ್ನೂ ಸುತ್ತದೆ.

"ನಿಮ್ಮತ್ತೆ ಆಗ್ಲೇ ಒಳಗೆ ಹೋದ್ರು ಮೇಡಂ" ಅಂದ ಡ್ರೈವರ್, ಬ್ಯಾಗ್ ಇಳಿಸುತ್ತ. "ನೀವು ಮಲಗಿದ್ರಿ, ಎಬ್ಬಿಸ್ಬೇಡ ಅಂದ್ರು."

ಬೆಳಕು ಕಂಡ ಕೂಡಲೇ ಅಕ್ಕನಿಗೆ ಜೀವ ಬಂತು. ಜೀವದ ಜೊತೆ ಸೊಕ್ಕೂ ಬಂತು. ನಿದ್ದೆಯಲ್ಲಿ ಕನಸು ಬಿದ್ದಿದೆ, ಡ್ರೈವರಿಗೆ ತಲೆ ಕೆಟ್ಟಿದೆ, ಮುಗಿಯಿತು. ಓಡಿದಳು. ಸಮಯ ಇನ್ನೂ ಸ್ವಲ್ಪ ಇತ್ತು. ಕೌಂಟರಿನಲ್ಲಿ ತುಟಿಗೆ ಬಣ್ಣ ಬಳಿದುಕೊಂಡ ಒಂದು ಹುಡುಗಿ ಕೂತಿತ್ತು. ಅಕ್ಕ ಕಾರ್ಡು, ಟಿಕೆಟ್ಟು ಎರಡೂ ಎಸೆದಳು. ಹುಡುಗಿ ಕಂಪ್ಯೂಟರಿನಲ್ಲಿ ಟಕಟಕ ಕುಟ್ಟಿತು. ನಿಲ್ಲಿಸಿತು. ಮತ್ತೆ ಕುಟ್ಟಿತು.

"ಈ ಸೀಟಿಗೆ ಪಾಸ್ ಕೊಟ್ಟಾಗಿದೆ ಮೇಡಂ."

"ಯಾರಿಗ್ ಕೊಟ್ರಿ?"

"ನಾನೇ ಕೊಟ್ಟೆ. ವಯಸ್ಸಾದವರು ಒಬ್ರು... ಇದೇ ಹೆಸರು ಹೇಳಿದ್ರು."

"ಕಾರ್ಡ್ ನೋಡಿದ್ರಾ? ಕಣ್ಣಿತ್ತಾ ಮುಖದಲ್ಲಿ?"

ಹುಡುಗಿ ಹಣೆ ಒರೆಸಿಕೊಂಡಿತು. "ನೋಡಿದೆ... ನೋಡಿದ ಹಾಗೇ ನೆನಪು." ಧ್ವನಿ ತಗ್ಗಿತು. "ಅವರು ವಿಮಾನ ಹತ್ತಿ ಕೂತಿದಾರೆ ಮೇಡಂ. ಎಲ್ಲ ಸೀಟೂ ಭರ್ತಿ ಅಂತ ಬಂದಿದೆ."

ಅಕ್ಕ ಕಿರುಚಿದಳು. ಮ್ಯಾನೇಜರ್ ಬಂದ. ಅವನಿಗೂ ಕಿರುಚಿದಳು. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು, ಫೋನ್ ಮಾಡಿದರು, ಪರದೆ ನೋಡಿದರು. ಬಾಗಿಲು ಮುಚ್ಚಿದ್ದಾರೆ, ಏನೂ ಮಾಡುವಂತಿಲ್ಲ ಅಂದರು. ಗಾಜಿನ ಆಚೆ ವಿಮಾನ ನಿಧಾನಕ್ಕೆ ಹಿಂದೆ ಸರಿಯಿತು. ಅಕ್ಕ ಗಾಜಿಗೆ ಎರಡೂ ಕೈ ಇಟ್ಟು ನಿಂತಳು. ಅಮ್ಮಾ, ಅಮ್ಮಾ ಅಂತ ಅತ್ತಳು. ಅವಳು ಅತ್ತದ್ದನ್ನು ನಮ್ಮ ಮನೆತನದಲ್ಲಿ ಯಾರೂ ನೋಡಿರಲಿಲ್ಲ, ಆ ಕೌಂಟರಿನ ಹುಡುಗಿ ನೋಡಿತು.

ಬೆಳಗಿನ ವಿಮಾನ ಹಿಡಿದು ಅವಳು ಆಸ್ಪತ್ರೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ನಸುಕಿನಲ್ಲೇ ದೊಡ್ಡಮ್ಮ ಹೋಗಿದ್ದರು. ಆ ವಾರ್ಡಿನಲ್ಲಿ ರಾತ್ರಿ ಹೆಂಗಸರು ಮಾತ್ರ ಇರಬಹುದು, ಅದೂ ಒಬ್ಬರೇ. ಹಾಗಾಗಿ ತಮ್ಮ ಕೆಳಗಡೆ ಬೆಂಚಿನ ಮೇಲೆ ಮಲಗಿದ್ದ. ಅವನಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದದ್ದು ನರ್ಸಿಗೆ.

"ರಾತ್ರಿ ಬಂದಿದ್ರಲ್ಲ, ಅವರೆಲ್ಲಿ?" ಅಂತ ನರ್ಸೇ ಕೇಳಿದಳು.

"ಯಾರು ಬಂದಿದ್ರು?"

"ವಯಸ್ಸಾದವರು. ಮಗಳ ಬದಲಿಗೆ ಬಂದೆ ಅಂದ್ರು. ಅಯ್ಯೋ, ಇಬ್ಬರದೂ ಏನ್ ನಗು ಮೇಡಂ! ಪಕ್ಕದ ಬೆಡ್ಡಿನವರು ಮಲಗ್ಬೇಕು ಅಂತ ನಾನು ಎರಡು ಸಲ ಗದರಿದೆ. ಆಮೇಲೆ ಪಿಸಪಿಸ ಮಾತಾಡ್ಕೊಂಡು ಇದ್ರು. ಒಮ್ಮೆ ಬಂದು ನೋಡ್ತೀನಿ, ನಿಮ್ಮ ಅಮ್ಮ ಹೋಗ್ಬಿಟ್ಟಿದಾರೆ. ನೋವು ಪಟ್ಟ ಮುಖ ಅಲ್ಲ ಮೇಡಂ ಅದು. ಕುರ್ಚಿಯಲ್ಲಿ ಅವರೂ ಇರ್ಲಿಲ್ಲ."

ಅಕ್ಕ ಆ ಕುರ್ಚಿಯ ಕಡೆ ನೋಡಿದಳು. ಆಮೇಲೆ ಸಣ್ಣಗೆ ಕೇಳಿದಳು.

"ಅಮ್ಮ ನನ್ನ ಕೇಳಿದ್ರಾ?"

ನರ್ಸ್ ಯೋಚಿಸಿದಳು. ಸುಳ್ಳು ಹೇಳಲು ಬಾರದವಳು, ಪಾಪ.

"ಸಂಜೆಯಿಂದ ಕೇಳ್ತಾನೇ ಇದ್ರು. ಅವರು ಬಂದ ಮೇಲೆ... ಕೇಳಲಿಲ್ಲ."

ಏನು ನಗ್ತೀರ? ದೊಡ್ಡಮ್ಮನ ಹಾರ್ಟು ವೀಕ್ ಆಗಿತ್ತು, ಔಷಧಿಯ ಮಂಪರು, ನರ್ಸಿಗೆ ನಿದ್ದೆಗಣ್ಣು ಅಂತ ನೀವು ಅನ್ನುತ್ತೀರಿ. ಅನ್ನಿ. ಓದಿಕೊಂಡವರು, ಏನಾದರೂ ಅನ್ನಲೇಬೇಕಲ್ಲ. ವಿಮಾನದಲ್ಲಿ ಆ ಸೀಟಿನಲ್ಲಿ ಕೂತು ಹೋದವರು ಯಾರು ಅಂತ ಮಾತ್ರ ಇವತ್ತಿನವರೆಗೂ ಯಾರೂ ಹೇಳಿಲ್ಲ. ಸುದ್ದಿ ಕೇಳಿ ನಾನೂ ಆ ಮಧ್ಯಾಹ್ನ ಆಸ್ಪತ್ರೆ ಮುಟ್ಟಿದ್ದೆ. ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು ನಿಮ್ಮ ಮುಂದೆ ಊದುತ್ತಿಲ್ಲ. ದೊಡ್ಡಮ್ಮನಿಗೆ ಸೊಂಟ ಬಗ್ಗುತ್ತಿರಲಿಲ್ಲ, ಕಾಲಿನ ಉಗುರುಗಳು ಬೆಳೆದು ಬೆಳೆದು ಸುತ್ತಿಕೊಂಡಿದ್ದವು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ನೋವು ಅನ್ನುತ್ತಿದ್ದರು. ಹಿಂದಿನ ಸಂಜೆ ಕಾಲು ಒತ್ತಿದ ತಮ್ಮ ಅವು ಹಾಗೇ ಇದ್ದದ್ದನ್ನು ನೋಡಿದ್ದ. ಆಸ್ಪತ್ರೆಯವರನ್ನೆಲ್ಲ ಕೇಳಿದೆವು, ಯಾರೂ ಮುಟ್ಟಿಲ್ಲ ಅಂದರು.

ಅಕ್ಕ ಹೊದಿಕೆ ಸರಿಮಾಡಲು ಅಂತ ಕಾಲ ಕಡೆ ಎತ್ತಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಈ ಎರಡು ಕಣ್ಣಿಂದ ನೋಡಿದೆ. ಹತ್ತು ಬೆರಳಿನ ಉಗುರನ್ನೂ ಯಾರೋ ನೀಟಾಗಿ ಕತ್ತರಿಸಿದ್ದರು.